ಅಳಿಸಲು ಸೂಚಿಸಲಾದ ಅಮರಪ್ಪ

ನವೆಂಬರ್ 4, ಸೋಮವಾರ

ಮೂರು ವರ್ಷದಿಂದ ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂತರಜಾಲದ ಕನ್ನಡ ವಿಶ್ವಕೋಶದಲ್ಲಿ ‘ಕಪ್ಪುನೆಲ’ ಎಂಬ ಹೆಸರಿನಿಂದ ಲೇಖನ ತಿದ್ದುವ, ಯಾವುದು ಇರಬೇಕು ಯಾವುದು ಹೋಗಬೇಕು ಎಂದು ಹೇಳುವ ವ್ಯಕ್ತಿ ನಾನು. ಯಲಬುರ್ಗಾ ಬಸ್ ನಿಲ್ದಾಣದ ಎದುರು ಬಾಬಾಸಾಬ ಅವರ ಕಂಪ್ಯೂಟರ್ ಅಂಗಡಿಯಲ್ಲಿ ಝೆರಾಕ್ಸ್ ತೆಗೆಯುವ ಹುಲಗಮ್ಮ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಬಡತನಕ್ಕೆ ಬಿಟ್ಟಳು ಎಂದು ಎಲ್ಲರೂ ಹೇಳುತ್ತಾರೆ. ಹಾಗಲ್ಲ. ಒಂದೇ ಬೆಂಚಿನ ಮೇಲೆ ಸಂಜೆಯವರೆಗೆ ಕೂರಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಆ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು. ಅದಕ್ಕೇ ಸುಳ್ಳು ಸೇರದಂತೆ ನೋಡಿಕೊಳ್ಳಲು ಕೆಲವರು ಇದ್ದೇವೆ. ಸಂಬಳವಿಲ್ಲ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಅಂಗಡಿಯ ಕಂಪ್ಯೂಟರಿನಲ್ಲೇ ಆ ಕೆಲಸ ಮಾಡುತ್ತೇನೆ. ಅಲ್ಲಿನವರು ನನ್ನನ್ನು ಸರ್ ಎನ್ನುತ್ತಾರೆ, ಯಾವುದೋ ಕಾಲೇಜಿನ ಮೇಷ್ಟರು ಎಂದುಕೊಂಡಿದ್ದಾರೆ. ನಾನು ಹಾಗೆಂದು ಎಲ್ಲೂ ಹೇಳಿಲ್ಲ. ಅಲ್ಲ ಎಂದೂ ಹೇಳಿಲ್ಲ.

ಇವತ್ತು ಬರೆಯಲು ಕೂತದ್ದು ಹೆದರಿಕೆಯಿಂದ.

ಮಧ್ಯಾಹ್ನ ಶರಣಕುಮಾರ ಅಂಗಡಿಗೆ ಬಂದ. ಬೇವೂರಿನವನು, ರಸ್ತೆ ಗುತ್ತಿಗೆದಾರ, ಮುಂದಿನ ಚುನಾವಣೆಗೆ ನಿಲ್ಲುತ್ತಾನೆಂದು ಊರೆಲ್ಲ ಮಾತು. ಊರಲ್ಲಿ ಕಟ್ಟುತ್ತಿರುವ ರಂಗಮಂದಿರಕ್ಕೆ ತನ್ನ ಅಜ್ಜ, ನಟ ಬೇವೂರು ಅಮರಪ್ಪನ ಹೆಸರು ಇಡಿಸುತ್ತೇನೆಂದು ರಾಜ್ಯೋತ್ಸವದ ದಿನ ಮೈಕಿನಲ್ಲಿ ಹೇಳಿದ್ದ.

“ಹುಲಗವ್ವ, ವಿಶ್ವಕೋಶದಾಗ ನಮ್ಮಜ್ಜನ ಪೇಜ್ ಐತಿ. ಛಲೋ ಕಲರಿನ್ಯಾಗ ಒಂದು ಪ್ರಿಂಟ್ ಹೊಡಿ. ಕಮಿಟಿಯವ್ರ ಮುಂದ ಇಡಬೇಕು.”

ಪುಟ ತೆರೆಯುವ ಮೊದಲೇ ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಮೀಸೆ ಬಿಟ್ಟು, ಕಿರೀಟವಿಟ್ಟು, ಕತ್ತಿ ಹಿಡಿದ ಒಬ್ಬನ ಚಿತ್ರ. ‘ರಾಜನ ಪಾತ್ರಗಳಲ್ಲಿ ಸರಿಸಾಟಿಯಿಲ್ಲದ ನಟ. ಮಾತು ಬಂದ ಮೊದಮೊದಲ ಚಿತ್ರಗಳಲ್ಲೂ ನಟಿಸಿದವರು.’ ಇದೆಲ್ಲದರ ಮೇಲೆ ಕೆಂಪು ಚೌಕಟ್ಟಿನಲ್ಲಿ: ‘ಈ ಲೇಖನವನ್ನು ಅಳಿಸಲು ಸೂಚಿಸಲಾಗಿದೆ. ಕಾರಣ: ಆಧಾರ ಇಲ್ಲ. ಮನೆಯವರೇ ಬರೆದಂತಿದೆ. ಸೂಚಿಸಿದವರು: ಕಪ್ಪುನೆಲ.’ ಶನಿವಾರ ನಾನೇ ಹಾಕಿದ್ದು.

“ಏನಿದು ಕೆಂಪು?”

“ಅಳಸಬೇಕಂತ ಹಾಕ್ಯಾರ್ರಿ.”

“ಯಾರಿಂವ ಕಪ್ಪುನೆಲ? ನಮ್ಮಜ್ಜನ್ನ ಅಳಸಾಂವ?” ನಕ್ಕ. ಕಾರು ಓಡಿಸುವ ಕೃಷ್ಣ ಪಕ್ಕದಲ್ಲಿದ್ದ, ಅವನೂ ನಕ್ಕ. ಆಮೇಲೆ ಶರಣಕುಮಾರ ನಗಲಿಲ್ಲ. “ಹುಡುಕಲೇ ಕೃಷ್ಣ. ಹೆಸರಿನ ಹಿಂದ ಒಂದು ಮುಖ ಇದ್ದ ಇರತೈತಿ. ಸಿಕ್ಕ ದಿವಸ ಅವನ ಮಾರಿ ಮ್ಯಾಲೂ ಒಂದು ಕೆಂಪು ಡಬ್ಬಿ ಹಾಕೂಣು.”

ನಾನು ಓರೆಯಾಗಿ ಹಾಕಿದ ಕಾಗದ ಮಷಿನಿನಲ್ಲಿ ಸಿಕ್ಕಿಕೊಂಡಿತು. ಬಾಬಾಸಾಬ ಬಂದು ಎಳೆದು ತೆಗೆದರು.

“ಆ ಕೆಂಪು ಬಿಟ್ಟು ಪ್ರಿಂಟ್ ಬರೂದಿಲ್ಲೇನು?”

“ಬರತೈತ್ರಿ. ಆದ್ರ ಪೇಜಿನ್ಯಾಗ ಇದ್ದದ್ದು ಇದ್ದಂಗ ಬರಬೇಕಲ್ರಿ.”

“ಭಾಳ ಕಾಯ್ದೆ ಮಾತಾಡ್ತಿಯಲ್ಲಬೇ,” ಎಂದ. ಕೃಷ್ಣ ನನ್ನ ಮೇಜಿನ ಕತ್ತರಿ ತೆಗೆದುಕೊಂಡು ಕೆಂಪು ಭಾಗವನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ.

ಅವರು ಹೋದ ಮೇಲೆ ಅದನ್ನು ಬುಟ್ಟಿಯಿಂದ ತೆಗೆದು ಚಪ್ಪಲಿಯ ಕೆಳಗೆ ಇಟ್ಟುಕೊಂಡೆ. ಯಾಕೆಂದು ಗೊತ್ತಿಲ್ಲ.

ನವೆಂಬರ್ 5, ಮಂಗಳವಾರ

ಕಂಪ್ಯೂಟರಿನಲ್ಲಿ ನಾನು ನೋಡಿದ ಪುಟಗಳ ಗುರುತನ್ನೆಲ್ಲ ಅಳಿಸಿದೆ. ಫೋನಿನಲ್ಲೂ ಅಳಿಸಿದೆ. ಆಮೇಲೆ, ಎಲ್ಲ ಅಳಿಸಿದ್ದೇ ಅನುಮಾನಕ್ಕೆ ಕಾರಣವಾದೀತು ಎಂದು ಬಸ್ಸಿನ ವೇಳೆ, ಹವಾಮಾನ, ಅದು ಇದು ಹುಡುಕಿ ತುಂಬಿಸಿಟ್ಟೆ. ಕೃಷ್ಣ ಇವತ್ತೂ ಬಂದಿದ್ದ. ಕೆಲಸವೇನೂ ಇರಲಿಲ್ಲ. ಲ್ಯಾಮಿನೇಷನ್ ಮಷಿನಿನ ಹತ್ತಿರ ನಿಂತು ಚಹಾ ಕುಡಿದು ಹೋದ.

ಅವ್ವ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಸಂಜೆ ಬಂದವಳು ನನ್ನ ತಾಟು ನೋಡಿ, “ಎಂಥಾ ಚಿಂತಿ ಮಾಡಾಕತ್ತಿ? ಯಾರರ ಹುಡುಗ ಕಣ್ಣು ಹೊಡದ್ನೇನು?” ಎಂದು ಕೇಳಿದಳು.

“ಇಲ್ಲಬೇ.”

“ಮತ್ತ ತಿನ್ನು. ಕಣ್ಣು ಹೊಡೀಲಿಲ್ಲಂತ ಉಪಾಸ ಇರಾಕ ಬರೂದಿಲ್ಲ.”

ತಿಂದೆ. ಆದರೆ ನನ್ನ ಚಿಂತೆ ಶರಣಕುಮಾರ ಒಬ್ಬನದೇ ಅಲ್ಲ. ಅವನು ಲೇಖನಕ್ಕೆ ಆಧಾರವೆಂದು ಕೊಟ್ಟಿದ್ದು ತಾನೇ ಅಚ್ಚು ಹಾಕಿಸಿದ ಕರಪತ್ರ ಮತ್ತು ತಾನೇ ಕೊಟ್ಟ ಜಾಹೀರಾತು. ಅವು ಆಧಾರವಲ್ಲ, ಅದು ಸರಿ. ನಾನು ಹುಡುಕಿದೆ, ಸಿಗಲಿಲ್ಲ, ಅದೂ ಸರಿ. ಆದರೆ ‘ಆಧಾರ ಸಿಗಲಿಲ್ಲ’ ಎಂದು ನಾನು ಬರೆಯಲಿಲ್ಲ. ‘ಆಧಾರ ಇಲ್ಲ’ ಎಂದು ಬರೆದೆ. ಅರ್ಧ ದಿನ ಕನ್ನಡದಲ್ಲಿ ಹುಡುಕಿದವಳಿಗೆ ‘ಇಲ್ಲ’ ಎನ್ನುವ ಅಧಿಕಾರ ಎಲ್ಲಿಂದ ಬಂತು?

ನವೆಂಬರ್ 8, ಶುಕ್ರವಾರ

ವಿಶ್ವಕೋಶದ ನಿರ್ವಾಹಕ ಗೌತಮ ಎಂಬವರು ಚರ್ಚೆಯ ಪುಟದಲ್ಲಿ ಬರೆದಿದ್ದಾರೆ. ಮೈಸೂರಿನವರಂತೆ. ‘ಕಪ್ಪುನೆಲ ಸರ್, ನೀವು ಆ ಕಡೆಯವರೇ ಇರಬೇಕು. ಸ್ಥಳೀಯವಾಗಿ ವಿಚಾರಿಸಬಹುದೇ? ತಿಂಗಳ ಕೊನೆಗೆ ಚರ್ಚೆ ಮುಗಿಸುತ್ತೇನೆ.’

ಆ ಕಡೆಯವರು ಎಂದು ಎಲ್ಲರಿಗೂ ಕಾಣುವಂತೆ ಬರೆಯಬೇಕಿತ್ತೇ? ಉತ್ತರ ಕೊಡಲಿಲ್ಲ. ಬಾಗಿಲ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಎದ್ದು ಎದ್ದು ನೋಡಿದೆ.

ನವೆಂಬರ್ 10, ಭಾನುವಾರ

ಬೇವೂರಿಗೆ ಹೋಗಿ ಬಂದೆ.

ಪಿಂಚಣಿ ಪಡೆಯುವ ಮುದುಕರು ತಾವು ಬದುಕಿದ್ದೇವೆಂದು ಹೆಬ್ಬೆಟ್ಟಿನ ಮಷಿನಿಗೆ ಒತ್ತಿ ತೋರಿಸಬೇಕು. ಅಂಗಡಿಗೆ ಬರಲಾಗದವರ ಮನೆಗೆ ಬಾಬಾಸಾಬ ನನ್ನನ್ನು ಕಳಿಸುತ್ತಾರೆ. ಬೇವೂರಿನ ಒಂದು ಹೆಸರು ತಿಂಗಳಿಂದ ಬಾಕಿ ಇತ್ತು: ಶೇಖರಮ್ಮ, ಗಂಡನಿಲ್ಲದವರು, ತಂದೆ ಅಮರಪ್ಪ. ಬಿಸಿಲು ಎಂದು ಯಾವಾಗಲೂ ತಪ್ಪಿಸಿಕೊಳ್ಳುವವಳು ಈ ಸಲ ನಾನೇ ಕೇಳಿ ಹೋದೆ. ಬಾಬಾಸಾಬ ಕನ್ನಡಕದ ಮೇಲಿನಿಂದ ನೋಡಿ ಮಷಿನನ್ನು ಕೈಗೆ ಕೊಟ್ಟರು.

ಶೇಖರಮ್ಮ ಬಾಗಿಲಲ್ಲೇ ಕಾಲು ಚಾಚಿ ಕೂತಿದ್ದರು. ಎಂಬತ್ತು ದಾಟಿದ ಸಣ್ಣ ಮೈ, ದೊಡ್ಡ ದನಿ. ಶರಣಕುಮಾರನಿಗೆ ಸೋದರತ್ತೆ.

“ಬೆಟ್ಟು ಸವದು ಹೋಗ್ಯಾವಬೇ. ಆ ನಿಮ್ಮ ಮಷಿನ್ ನಾ ಸತ್ತೀನಂತ ತಿಳಕೊಂಡೈತಿ.”

ಒಂದೊಂದೇ ಬೆರಳನ್ನು ಒರೆಸಿ ಒತ್ತಿಸುತ್ತ ಕೇಳಿದೆ. “ಅಮ್ಮಾರ, ನಿಮ್ಮ ತಂದಿಯವ್ರು ನಾಟಕ ಕಂಪನಿಯಾಗ ರಾಜನ ಪಾರ್ಟ್ ಮಾಡ್ತಿದ್ರಂತಲ್ರಿ?”

“ಯಾರಂದ್ರು? ಶರಣ್ಯಾ ಅಂದ್ನೇನು?” ಮುದುಕಿ ಮೈಯೆಲ್ಲ ಕುಲುಕಿ ನಕ್ಕರು. “ನಮ್ಮಪ್ಪ ಜನ್ಮದಾಗ ರಾಜ ಆಗ್ಲಿಲ್ಲ ತಂಗಿ. ರಾಣಿ ಆಗಿದ್ದ. ಆಗ ಹೆಣ್ಮಕ್ಕಳು ಎಲ್ಲಿ ಬರ್ತಿದ್ರು ಸ್ಟೇಜಿಗೆ? ನಮ್ಮವ್ವಗ ಸೀರಿ ನಿರಗಿ ಹಿಡ್ಯಾಕ ಕಲಿಸಿದಾಂವ ಅವನ. ಊರ ಸೊಸ್ತೇರು ನೀರಿಗೆ ಹೋಗುವಾಗ ಅವನ ನಡಿಗಿ ನಡೀತಿದ್ರು. ನಮ್ಮವ್ವ ಬೈತಿದ್ಲು, ನೀ ನನ್ನ ಬಾಜೂ ನಿಂತ್ರ ನಾ ಗಂಡಸಿನಂಗ ಕಾಣ್ತೀನಿ, ಆಚೆ ಸರಿ ಅಂತ.”

ಫೋನಿನಲ್ಲಿ ಲೇಖನದ ಚಿತ್ರ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದುಕೊಂಡು ನೋಡಿದರು.

“ಇದು ಯಾವನ ಮೀಸಿನೋ ಏನೋ. ನಮ್ಮಪ್ಪ ಮೀಸಿ ಬಿಟ್ಟಾಂವ ಅಲ್ಲ. ಮೀಸಿ ಬಿಟ್ಟಿದ್ರ ಮಕ್ಕಳ ಹೊಟ್ಟಿಗೆ ಏನ್ ಹಾಕ್ತಿದ್ದ?”

ಎದ್ದು ಒಳಗಿನಿಂದ ಒಂದು ಡಾಬು ತಂದರು. ರಾಣಿಯ ಪಾತ್ರದಲ್ಲಿ ಅಮರಪ್ಪ ಸೊಂಟಕ್ಕೆ ಕಟ್ಟುತ್ತಿದ್ದ ಅಗಲವಾದ ಪಟ್ಟಿ. ಬಂಗಾರವೆಂದೇ ಅಂದುಕೊಂಡು ಎರಡೂ ಕೈ ಚಾಚಿದೆ. ಹತ್ತಿಯಂತೆ ಹಗುರ. ಹಗುರ ಕಟ್ಟಿಗೆಯಲ್ಲಿ ಕಿನ್ನಾಳದವರು ಮಾಡಿಕೊಟ್ಟದ್ದಂತೆ, ಬೊಂಬೆಗೆ ಹಚ್ಚುವ ಬಣ್ಣವನ್ನೇ ಹಚ್ಚಿ. ಒಳಮೈಯಲ್ಲಿ ಬೆವರಿನ ಕಲೆ ಇನ್ನೂ ಇತ್ತು.

ಕಾಗದಪತ್ರ ಏನಾದರೂ ಇದೆಯೇ ಎಂದರೆ, “ಅವೆಲ್ಲ ಹೊಲದ ಕಾಗದ, ನಿಜಾಮನ ಕಾಲದ್ದು, ಉರ್ದು,” ಎಂದು ಹೇಳಿ ಗಂಟಿನಿಂದ ಆಧಾರ್ ಕಾರ್ಡು ಮಾತ್ರ ತೆಗೆದುಕೊಟ್ಟರು.

ನಾಲ್ಕನೆಯ ಬೆರಳಿಗೆ ಮಷಿನು ಒಪ್ಪಿತು. ಆ ಬೆರಳು ಇನ್ನೂ ನನ್ನ ಕೈಯಲ್ಲಿರುವಾಗಲೇ ಕೇಳಿದರು. “ಕಂಪ್ಯೂಟರಿನ್ಯಾಗಿಂದ ನಮ್ಮಪ್ಪನ ಹೆಸರು ಅಳಸಾಕತ್ತಾರಂತ. ಶರಣ್ಯಾ ಒದರಾಡಾಕತ್ತಿದ್ದ. ಯಾರವ್ವಾ ಆ ಪುಣ್ಯಾತ್ಮ? ನಮ್ಮಪ್ಪ ಅವನಿಗೆ ಏನ್ ಮಾಡಿದ್ದ?”

ನಾನು ಮಷಿನನ್ನು ಚೀಲಕ್ಕೆ ಹಾಕಿದೆ. ಶರಣಕುಮಾರನ ಮುಂದೆ ಕೂಡ ಇಷ್ಟು ಹೆದರಿರಲಿಲ್ಲ.

ನವೆಂಬರ್ 12, ಮಂಗಳವಾರ

ಕೃಷ್ಣ ಕುಣಿಯುತ್ತ ಬಂದ. “ಬಾಬಾಸಾಬ, ಸಿಕ್ಕ. ಆ ಕಪ್ಪುನೆಲ ಮರಳಿ ಅನ್ನೂ ಊರಿನ ಪೇಜ್ ತಿದ್ದ್ಯಾನ, ಕಿನ್ನಾಳದ್ದು ತಿದ್ದ್ಯಾನ, ನಮ್ಮ ಯಲಬುರ್ಗಾ ಬಸ್ ಸ್ಟ್ಯಾಂಡ್ ಬಗ್ಗೆನೂ ಬರದಾನ. ಇಲ್ಲೇ ಎಲ್ಲೋ ಕುಂತಾನ ಮಗ.”

ಆಗ ನಾನು ಒಬ್ಬರ ಪಡಿತರ ಚೀಟಿಯ ಅರ್ಜಿ ತುಂಬುತ್ತಿದ್ದೆ. ಆ ಹೆಂಗಸಿನ ಗಂಡನ ಹೆಸರಿನ ಜಾಗದಲ್ಲಿ ನನ್ನ ಹೆಸರು ಹೊಡೆದಿದ್ದೆ. ಆಕೆ ಓದಲು ಬಾರದವಳು. ನಾನೇ ನೋಡಿ ತಿದ್ದಿದೆ.

ಬಾಬಾಸಾಬ ಒಮ್ಮೆ ನನ್ನ ಕಡೆ, ಒಮ್ಮೆ ಬಸ್ ನಿಲ್ದಾಣದ ಕಡೆ ನೋಡಿದರು. “ಸ್ಟ್ಯಾಂಡಿನ್ಯಾಗ ಸಾವಿರ ಮಂದಿ ಕುಂದರತಾರಲೇ. ಯಾರಂತ ಹಿಡೀತಿ?” ಎಂದರು.

ಅವರಿಗೆ ಗೊತ್ತಾಗಿದೆಯೇ?

ನವೆಂಬರ್ 14, ಗುರುವಾರ

ನಮ್ಮ ಅಂಗಡಿಗೆ ದಿನವೂ ಹಳೆಯ ಉರ್ದು ಕಾಗದಗಳು ಝೆರಾಕ್ಸಿಗೆ ಬರುತ್ತವೆ. ಈ ಸೀಮೆಯಲ್ಲಿ ಯಾರ ಮನೆಯಲ್ಲಿ ಉರ್ದು ಕಾಗದವಿದ್ದರೂ ಅದು ಹೊಲದ ಕಾಗದವೇ. ಓದಲು ಬರದಿದ್ದರೂ ಯಾರೂ ಎಸೆಯುವುದಿಲ್ಲ, ಎಸೆದರೆ ಹೊಲ ಹೋಗುತ್ತದೆ. ಇವತ್ತು ಬೆಳಿಗ್ಗೆ ಅಂಥದೊಂದನ್ನು ಗಾಜಿನ ಮೇಲೆ ಇಟ್ಟೆ. ದಪ್ಪ ಕಾಗದ, ಮೇಲೆ ಮೊಹರು, ಕೈಬರಹ. ನೋಡುತ್ತಿದ್ದಂತೆ ಶೇಖರಮ್ಮನವರ ಗಂಟು ನೆನಪಾಯಿತು. ಆಧಾರ್ ಕಾರ್ಡು ಎಳೆಯುವಾಗ ಜೊತೆಗೆ ಹೊರಬಂದಿದ್ದ ಒಂದು ಕಾಗದ ತೆಳ್ಳಗಿತ್ತು, ಅಚ್ಚಿನದಾಗಿತ್ತು, ನಡುವೆ ಉದ್ದಕ್ಕೆ ಗೆರೆ ಎಳೆದು ಎರಡು ಸಾಲಾಗಿ ಹಂಚಿತ್ತು. ಹೊಲದ ಕಾಗದವನ್ನು ಯಾರು ಹಾಗೆ ಅಚ್ಚು ಹಾಕುತ್ತಾರೆ?

ಬೆರಳು ಮತ್ತೊಮ್ಮೆ ಒತ್ತಿಸಬೇಕೆಂದು ಸುಳ್ಳು ಹೇಳಿ ಹೋಗಬಹುದಿತ್ತು. ಹೇಳಲಿಲ್ಲ. ಬಾಬಾಸಾಬ ಅವರಿಗೆ, “ನನ್ನ ಸ್ವಂತ ಕೆಲಸ ಐತ್ರಿ ಬೇವೂರಾಗ,” ಎಂದೆ. ಹೋಗು ಎಂದರು.

ಶೇಖರಮ್ಮ ಗಂಟನ್ನೇ ನನ್ನ ಮಡಿಲಿಗೆ ಹಾಕಿದರು. “ಅದಾ? ಪಾಲು ಆಗುವಾಗ ವಕೀಲರು ಎಲ್ಲಾ ನೋಡಿದ್ರು. ಇದು ಯಾವ ಸರ್ವೆ ನಂಬರಿಗೂ ಕೂಡೂದಿಲ್ಲ, ಅಮ್ಮಗ ಇರಲಿ ಅಂತ ಕೊಟ್ರು. ನನ್ನ ಪಾಲಿಗೆ ಬಂದ ಹೊಲ ಅದೊಂದ.”

ಫೋನಿನಲ್ಲಿ ಎರಡೂ ಕಡೆಯ ಚಿತ್ರ ತೆಗೆದುಕೊಂಡೆ. ಎದ್ದು ಬಾಗಿಲವರೆಗೆ ಬಂದವಳು ತಿರುಗಿ ಹೋಗಿ ಮತ್ತೆ ಅವರ ಮುಂದೆ ಕೂತೆ. “ಅಮ್ಮಾರ, ಅಳಸಬೇಕಂತ ಬರದಾಕಿ ನಾನ.”

ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ, “ಇಷ್ಟು ಸಣ್ಣಾಕಿ?” ಎಂದರು. ಗಂಟು ಕಟ್ಟುತ್ತ, “ರಾಜ ಅಂತ ಇದ್ರ ಅಳಸ. ಅದು ನಮ್ಮಪ್ಪ ಅಲ್ಲ,” ಎಂದರು.

ನವೆಂಬರ್ 17, ಭಾನುವಾರ

ಕೊಪ್ಪಳದಲ್ಲಿ ಬಸ್ಸು ಬದಲಿಸಿ ಗಂಗಾವತಿಗೆ ಹೋದೆ. ಬಾಬಾಸಾಬ ಅವರ ಮಗಳು ಮೆಹಜಬೀನ ಅಲ್ಲಿ ಉರ್ದು ಶಾಲೆಯ ಟೀಚರು. ದಾರಿಯುದ್ದಕ್ಕೂ ಭತ್ತ ಕೊಯ್ಯುವ ಮಷಿನುಗಳು ಓಡುತ್ತಿದ್ದವು. ಹಿಂದಿನ ಸೀಟಿನಲ್ಲಿ ಕೂತ ಬಿಳಿ ಅಂಗಿಯವನು ಕೃಷ್ಣನ ಕಡೆಯವನೇ ಎಂದುಕೊಂಡು ಒಂದು ನಿಲ್ದಾಣ ಮೊದಲೇ ಇಳಿದುಬಿಟ್ಟೆ. ಅವನು ಮುಂದೆ ಹೋದ. ಉಳಿದ ದಾರಿ ಬಿಸಿಲಲ್ಲಿ ನಡೆದೆ.

ಮೆಹಜಬೀನಕ್ಕ ಫೋನಿನ ಚಿತ್ರವನ್ನು ದೊಡ್ಡದು ಮಾಡಿ ಒಂದೇ ಉಸಿರಿಗೆ ಮೊದಲು ತಾವು ಓದಿಕೊಂಡರು. ಮುಖದಲ್ಲಿ ನಗು ಬಂತು.

“ಹೊಲದ ಕಾಗದ ಅಲ್ಲ ತಂಗಿ ಇದು. ಅಖಬಾರ. ಹೈದರಾಬಾದಿನ ಪೇಪರ್ ಇರಬೇಕು. ರಾಯಚೂರಿನ್ಯಾಗ ಆದ ಒಂದು ನಾಟಕದ ಬಗ್ಗೆ ಬರದಾರ.”

ಆಮೇಲೆ ನಿಧಾನವಾಗಿ ಕನ್ನಡ ಮಾಡಿ ಹೇಳಿದರು. ನಾನು ಹೀಗೆ ಬರೆದುಕೊಂಡೆ: ‘ರಾಣಿಯಾಗಿ ಬಂದವನು ಬೇವೂರಿನ ಅಮರಪ್ಪ ಎಂಬ ಯುವಕ. ಮಗನ ಶವದ ಮುಂದೆ ಅವನು ಅಳಲಿಲ್ಲ, ಸೆರಗು ಸರಿಮಾಡಿಕೊಂಡ, ಅಷ್ಟೇ. ಪರದೆಯ ಆಚೆ ಕೂತ ಹೆಂಗಸರ ಅಳು ಎಷ್ಟಾಯಿತೆಂದರೆ ಮ್ಯಾನೇಜರು ಆಟ ನಿಲ್ಲಿಸಿ ದೀಪ ಹಚ್ಚಿಸಬೇಕಾಯಿತು. ಈತನನ್ನು ಮಾತಾಡುವ ಚಿತ್ರಕ್ಕೆಂದು ಮುಂಬಯಿಯವರು ಕರೆದಿದ್ದಾರೆಂದು ಕೇಳಿದ್ದೇವೆ. ಇಂಥ ನಟ ನಮ್ಮ ಸೀಮೆಯಲ್ಲಿ ಇನ್ನೊಬ್ಬನಿಲ್ಲ.’

ಇಷ್ಟು ದಿನ ಇವರ ಕುರಿತು ಹುಡುಕಿದ್ದು ಕನ್ನಡದಲ್ಲಿ ಮಾತ್ರ. ನಾನೂ ಇದೇ ಸೀಮೆಯವಳು. ನಮ್ಮ ಅಜ್ಜಂದಿರ ಕಾಲದ ಸರಕಾರದ ಮಾತು ಯಾವುದಿತ್ತೆಂದು ದಿನವೂ ಝೆರಾಕ್ಸ್ ಮಷಿನಿನ ಗಾಜಿನ ಮೇಲೆ ನೋಡುತ್ತಿದ್ದರೂ ಹೊಳೆಯಲಿಲ್ಲ.

“ಪೇಪರ್ ಹೆಸರು ಏನ್ರಿ ಅಕ್ಕಾ? ತಾರೀಖು?”

“ಅದ ಇಲ್ಲ ನೋಡು. ಮ್ಯಾಲಿಂದು ಹರದು ಹೋಗೈತಿ.” ಹಿಂದಿನ ಚಿತ್ರ ನೋಡಿದರು. ಅಲ್ಲಿ ಹೈದರಾಬಾದಿನ ಯಾವುದೋ ಪರೀಕ್ಷೆಯ ಪ್ರಕಟಣೆ. “ಫಸಲಿ ಸಾವಿರದ ಮುನ್ನೂರಾ ನಲವತ್ತೆರಡು ಅಂತ ಐತಿ. ಐದುನೂರಾ ತೊಂಬತ್ತು ಕೂಡಿಸ್ಕೋ. ನಿಜಾಮನ ಲೆಕ್ಕ.”

ಸಾವಿರದ ಒಂಬೈನೂರ ಮೂವತ್ತೆರಡು, ಇಲ್ಲವೇ ಮೂವತ್ತಮೂರು. ಆ ಕಾಲದ ಪತ್ರಿಕೆಗಳನ್ನು ಹೈದರಾಬಾದಿನ ಒಂದು ಗ್ರಂಥಾಲಯದಲ್ಲಿ ವರ್ಷವರ್ಷದ ಕಟ್ಟು ಮಾಡಿ ಇಟ್ಟಿದ್ದಾರಂತೆ. ಅವರ ಸೋದರಮಾವ ತಾಹೇರ ಆ ಗ್ರಂಥಾಲಯದ ಹತ್ತಿರವೇ ಇರುತ್ತಾರೆ.

“ನೀ ಯಾಕ ಇಷ್ಟು ಬೆವರಾಕತ್ತಿ? ನಿಮ್ಮಜ್ಜನೇನು ಇಂವ?” ಎಂದು ಕೇಳಿದರು.

“ಅಲ್ರಿ. ನಾ ಅಳಸಬೇಕಂತ ಹೇಳಿದಾಂವ.”

ನವೆಂಬರ್ 18, ಸೋಮವಾರ

ಚರ್ಚೆಯ ಪುಟದಲ್ಲಿ ಬರೆದೆ: ‘ಆಧಾರ ಇಲ್ಲ ಎಂದು ನಾನು ಹೇಳಿದ್ದು ತಪ್ಪು. ಒಂದು ಉರ್ದು ಪತ್ರಿಕೆಯ ತುಣುಕು ಸಿಕ್ಕಿದೆ. ಇವರು ರಾಜನ ಪಾತ್ರದವರಲ್ಲ, ಸ್ತ್ರೀಪಾತ್ರದವರು. ಲೇಖನದ ಚಿತ್ರವೂ ಇವರದಲ್ಲ. ಸರಿಮಾಡಿ ಉಳಿಸಬೇಕು.’ ತುಣುಕಿನ ಅನುವಾದವನ್ನೂ ಹಾಕಿದೆ.

ಗೌತಮ ಸಂಜೆಯೊಳಗೆ ಉತ್ತರ ಕೊಟ್ಟರು. ‘ಸರ್, ಪತ್ರಿಕೆಯ ಹೆಸರು, ದಿನಾಂಕ ಇಲ್ಲದ ತುಣುಕನ್ನು ಆಧಾರವಾಗಿ ಒಪ್ಪಲಾಗದು ಎಂದು ಹೋದ ವರ್ಷ ಇನ್ನೊಬ್ಬ ನಟನ ಲೇಖನದ ಚರ್ಚೆಯಲ್ಲಿ ನೀವೇ ವಾದಿಸಿ ಗೆದ್ದಿದ್ದೀರಿ. ತಿಂಗಳ ಕೊನೆಯೊಳಗೆ ಮೂಲ ತೋರಿಸಿದರೆ ಉಳಿಸುತ್ತೇನೆ, ಇಲ್ಲದಿದ್ದರೆ ಅಳಿಸಬೇಕಾಗುತ್ತದೆ. ಮತ್ತೆ, ಇದು ನಿಮಗೆ ಸಿಕ್ಕಿದ್ದು ಹೇಗೆ? ಕಾಲೇಜಿನ ಸಂಗ್ರಹವೇ?’

ಅವರ ಮಾತು ಸರಿ. ಆ ಇನ್ನೊಬ್ಬ ನಟ ಯಾರೆಂದು ಹುಡುಕಿ ನೋಡಿದೆ. ಗದಗಿನ ಕಡೆಯವನು. ಅಳಿಸಿ ಆಗಿದೆ. ಅವನ ಮನೆಯಲ್ಲಿ ಯಾರಿದ್ದರೋ.

ಉತ್ತರ ಹಾಕಿದೆ: ‘ಕಾಲೇಜಿನದಲ್ಲ. ಅವರ ಮಗಳ ಮನೆಯಲ್ಲಿ ಸಿಕ್ಕಿತು. ನಾನು ಸರ್ ಅಲ್ಲ, ಕಾಲೇಜಿಗೆ ಹೋದವಳಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಿದ್ದೇನೆ. ಯಲಬುರ್ಗಾದಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಹೆಸರು ಹುಲಗಮ್ಮ.’

ಅವ್ವನಿಗೆ ತಲೆನೋವು, ರೊಟ್ಟಿ ಹಿಟ್ಟು ನಾನು ನಾದಿದೆ. ನಾದುವಾಗ ನೆನಪಾಯಿತು, ಆ ಪುಟ ಕೃಷ್ಣನಿಗೂ ಕಾಣುತ್ತದೆ.

ನವೆಂಬರ್ 20, ಬುಧವಾರ

ಬಾಬಾಸಾಬ ಮಧ್ಯಾಹ್ನದ ನಮಾಜಿಗೆ ಹೋದ ಹೊತ್ತಿಗೆ ಶರಣಕುಮಾರ ಒಬ್ಬನೇ ಬಂದ. ಕೃಷ್ಣ ಇರಲಿಲ್ಲ. ಗಿರಾಕಿಗಳ ಸ್ಟೂಲ್ ಎಳೆದು ಬಾಗಿಲಿಗೆ ಅಡ್ಡ ಕೂತ. ನಾನು ಎದ್ದು ನಿಂತೆ. ಮೇಜನ್ನು ಹಿಡಿದುಕೊಂಡೆ.

“ನೀನಾ?”

“ಹೌದ್ರಿ.”

“ನನ್ನ ಮುಂದ ನಿಂತು ಪ್ರಿಂಟ್ ಹೊಡದಿ.”

“ಹೌದ್ರಿ.”

“ಹೌದ್ರಿ ಹೌದ್ರಿ. ಬ್ಯಾರೆ ಬರೂದಿಲ್ಲೇನು ನಿನಗ?” ದನಿ ಏರಿಸಲಿಲ್ಲ. ಏರಿಸಿದ್ದರೆ ಹೊರಗಿನವರು ಯಾರಾದರೂ ಬರುತ್ತಿದ್ದರೇನೋ. “ಸಾಲ್ಯಾಗ ನನ್ನ ಏನಂತಿದ್ರು ಗೊತ್ತೈತಿ? ರಾಣಿ ಮೊಮ್ಮಗ. ಮಾಸ್ತರ ಸುದ್ದಾ ಅಂತಿದ್ರು, ಹಾಜರಿ ಕರಿಯುವಾಗ. ಕುಸ್ತಿ ಕಲ್ತೆ, ಗುತ್ತಿಗಿ ಹಿಡದೆ, ನಾಕ ಮಂದಿ ಎದ್ದು ನಿಂ‌ದ್ರೂಹಂಗ ಆದೆ. ಆ ಹೆಸರು ಸತ್ತಿತ್ತು. ನೀ ಎಬ್ಬಿಸೀದಿ.”

ಅವನು ಹೇಳಿದ್ದು ಸುಳ್ಳೆಂದು ನನಗೆ ಅನಿಸಲಿಲ್ಲ.

“ರಾಜ ಅಂತ ಇರಲಿ. ಇಲ್ಲಾಂದ್ರ ಪೂರಾ ಅಳಸು, ಬ್ಯಾರೆ ಯಾರದರ ಹೆಸರು ಇಡ್ತಾರ ಮಂದಿರಕ್ಕ. ಆದ್ರ ಸೀರಿ ಅಂತ ಒಂದು ಅಕ್ಷರ ಬಂತಂದ್ರ, ಈ ಅಂಗಡಿ ಜಾಗ ಯಾರ ಹೆಸರಿಗೆ ಐತಿ ಬಾಬಾಸಾಬನ್ನ ಕೇಳು.”

ಅದು ಅವನ ತಮ್ಮನ ಹೆಸರಿಗೆ ಇದೆ. ನನಗೂ ಗೊತ್ತು.

“ಪೇಪರಿನ್ಯಾಗ ಹಂಗ ಐತ್ರಿ,” ಎಂದೆ.

“ಏನಂತ ಐತಿ?”

ಅವನು ಅನುವಾದ ಓದಿರಲಿಲ್ಲ. ಗೌತಮರ ಉತ್ತರ, ನನ್ನ ಹೆಸರು ಇಷ್ಟನ್ನೇ ನೋಡಿ ಎದ್ದು ಬಂದಿದ್ದ. ಬರೆದುಕೊಂಡಿದ್ದ ಹಾಳೆ ತೆಗೆದು ನಾನು ಓದಿದೆ. ಮಗನ ಶವದ ಮುಂದೆ ಅಳಲಿಲ್ಲ, ಸೆರಗು ಸರಿಮಾಡಿಕೊಂಡ, ಅಷ್ಟೇ. ಅವನು ನೆಲ ನೋಡುತ್ತ ಕೇಳಿದ. ಮುಗಿದ ಮೇಲೂ ಎದ್ದು ಹೋಗಲಿಲ್ಲ.

“ಪೇಪರ್ ಹೆಸರಿಲ್ಲಲ್ಲ,” ಎಂದ ಕೊನೆಗೆ. “ಹೆಸರಿಲ್ಲಂದ್ರ ಅದು ಚೂರು. ಚೂರಿನ ಮ್ಯಾಲ ನನ್ನ ಮರ್ಯಾದಿ ತಗೀಬ್ಯಾಡ. ತಿಂಗಳಾ ಮುಗೀತನ ಸುಮ್ನಿರು.”

ಸ್ಟೂಲನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಹೋದ.

ಬಾಬಾಸಾಬ ಬಂದ ಮೇಲೆ ಎಲ್ಲ ಹೇಳಿದೆ. ಮೂರು ವರ್ಷದ್ದೂ ಹೇಳಿದೆ. “ನೀ ಅಂತ ನನಗ ಎಂದೋ ಗೊತ್ತಿತ್ತವ್ವ. ನನ್ನ ಕಂಪ್ಯೂಟರ್ ಅದು,” ಎಂದರು. ಆಮೇಲೆ, ನನ್ನ ಮುಖ ನೋಡದೆ, “ನಾಕ ದಿನ ಬರಬ್ಯಾಡ. ಖಾಲಿ ಮಾಡಂದ್ರ ಈ ವಯಸ್ಸಿನ್ಯಾಗ ಮಷಿನ್ ಹೊತಗೊಂಡು ನಾ ಎಲ್ಲಿ ಹೋಗ್ಲಿ?” ಎಂದರು.

ನವೆಂಬರ್ 21, ಗುರುವಾರ

ಮನೆಯಲ್ಲಿ ಕೂತೆ. ಕೂರಲಾಗದೆ ಅಂಗಳ ಸಾರಿಸಿದೆ. ಸಾರಿಸಿದ್ದನ್ನೇ ಮತ್ತೆ ಸಾರಿಸಿದೆ. ಅವ್ವನಿಗೆ ಹೇಳಿದಾಗ ಅವಳು ಮೊದಲು ನನಗೆ ಹೊಡೆದಳು, ಆಮೇಲೆ ಅತ್ತಳು.

“ಸತ್ತಾಂವ ರಾಜ ಆದ್ರೇನು, ರಾಣಿ ಆದ್ರೇನು? ನಿನಗ ಯಾಕ ಬೇಕಿತ್ತು? ಕುಷ್ಟಗಿಗೆ ಮಾವನ ಮನಿಗೆ ಹೋಗು. ತಿಂಗಳಾ ಮುಗದ ಮ್ಯಾಲ ಬಾ.”

ಚೀಲದಲ್ಲಿ ಬಟ್ಟೆಯನ್ನೂ ಅವಳೇ ತುಂಬಿದಳು. ಕುಷ್ಟಗಿಗೆ ಹೋದರೆ ಎಲ್ಲ ತಾನೇ ಮುಗಿಯುತ್ತದೆ. ನಾನು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು, ಲೇಖನ ಅಳಿದುಹೋಗುತ್ತದೆ. ಬಾಬಾಸಾಬ ಅವರ ಅಂಗಡಿ ಉಳಿಯುತ್ತದೆ. ಶರಣಕುಮಾರನ ಹೆಸರೂ ಉಳಿಯುತ್ತದೆ. ಮೊದಲು ನಾನೇ ಹೇಳಿದಂತೆಯೇ ಆಗುತ್ತದೆ.

ನವೆಂಬರ್ 23, ಶನಿವಾರ

ಶೇಖರಮ್ಮ ಪಕ್ಕದ ಮನೆಯವರ ಫೋನಿನಿಂದ ಮಾತಾಡಿದರು.

“ಶರಣ್ಯಾ ಬಂದಿದ್ದಬೇ. ಡಾಬು ತೋರಿಸು ಅಂದ. ಕೈಯಾಗ ಹಿಡಕೊಂಡು ಭಾಳ ಹೊತ್ತು ಕುಂತ. ಸೊಂಟಕ್ಕ ಹಿಡದು ನೋಡಿದ, ಹತ್ತಲಿಲ್ಲ. ನಕ್ಕೆ, ಸಿಟ್ಟಿಗೆದ್ದ. ಹೋಗುವಾಗ ಆ ಪೇಪರ್ ಒಯ್ದಾನ.”

ಸುಡಲಿಕ್ಕೆ ಒಯ್ದನೋ, ಇಟ್ಟುಕೊಳ್ಳಲಿಕ್ಕೆ ಒಯ್ದನೋ ಅವರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ನನ್ನ ಹತ್ತಿರ ಈಗ ಇರುವುದು ಫೋನಿನ ಎರಡು ಚಿತ್ರ, ಅಷ್ಟೇ. ಅವನ್ನು ನಾನೇ ಸೃಷ್ಟಿಸಿದ್ದು ಎಂದು ಯಾರಾದರೂ ಅಂದರೆ ಇಲ್ಲ ಎನ್ನಲು ಏನೂ ಇಲ್ಲ.

ಪತ್ರಿಕೆಯ ಹೆಸರು, ತಾರೀಖನ್ನು ಹೈದರಾಬಾದಿಗೆ ಹೋಗಿ ಹುಡುಕಬೇಕು ಎಂದೆ. “ಸಿಗಲಿಲ್ಲಂದ್ರ ಏನ್ ಮಾಡ್ತಿ?” ಎಂದು ಕೇಳಿದರು.

“ಸಿಗಲಿಲ್ಲಂದ್ರ ಅಳಸ್ರಿ ಅಂತ ನಾನ ಬರೀಬೇಕಾಗತೈತ್ರಿ ಅಮ್ಮಾರ.”

“ಬರಿ,” ಎಂದರು. “ಹುಡುಕಿ ಬರಿ.”

ನವೆಂಬರ್ 24, ಭಾನುವಾರ

ಮೆಹಜಬೀನಕ್ಕ ತಾಹೇರ ಮಾಮಾನಿಗೆ ಹೇಳಿದ್ದಾರೆ. ಮಾಮಾ ಹೈದರಾಬಾದಿನ ಬಸ್ ನಿಲ್ದಾಣಕ್ಕೆ ಬರುತ್ತಾರೆ, ಅವರ ಮನೆಯಲ್ಲೇ ಇಳಿದುಕೊಳ್ಳಬೇಕು. ಗ್ರಂಥಾಲಯದಲ್ಲಿ ಆಧಾರ್ ಕಾರ್ಡು ತೋರಿಸಿ ಹೆಸರು, ಓದು, ಬಂದ ಕಾರಣ ಬರೆಯಬೇಕಂತೆ. ಓದು ಎಂಬಲ್ಲಿ ಒಂಬತ್ತನೇ ತರಗತಿ ಎಂದು ಬರೆದರೆ ಒಳಗೆ ಬಿಡದಿದ್ದರೆ? ಒಂದು ವರ್ಷದ ದಿನಪತ್ರಿಕೆ ಎಂದರೆ ಎಷ್ಟು ಪುಟ? ಎಷ್ಟು ಪತ್ರಿಕೆಗಳಿದ್ದವು? ನನಗೆ ಉರ್ದುವಿನ ಒಂದು ಅಕ್ಷರ ಬರುವುದಿಲ್ಲ. ಅಮರಪ್ಪ, ಬೇವೂರು ಎಂಬ ಎರಡು ಹೆಸರು ಹೇಗೆ ಕಾಣುತ್ತವೆ ಎಂದು ಮೆಹಜಬೀನಕ್ಕ ದೊಡ್ಡದಾಗಿ ಬರೆದು ಕಳಿಸಿದ್ದಾರೆ. ಅದನ್ನು ನೋಡಿ ನೋಡಿ ಬರೆಯುತ್ತಿದ್ದೇನೆ. ಬಲದಿಂದ ಎಡಕ್ಕೆ ಕೈ ಓಡುವುದಿಲ್ಲ.

ರಾಯಚೂರಿನ ಆಚೆ ನಾನು ಎಂದೂ ಹೋಗಿಲ್ಲ.

ಅವ್ವನಿಗೆ ಬೆಳಿಗ್ಗೆ ಹೇಳಿದೆ. ಕುಷ್ಟಗಿಗೆ ಎಂದು ತುಂಬಿದ್ದ ಚೀಲದಿಂದ ಮಾವನ ಮಕ್ಕಳಿಗೆಂದು ಇಟ್ಟಿದ್ದ ಶೇಂಗಾ ಉಂಡಿಯನ್ನು ತೆಗೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದರಲ್ಲೇ ಹಾಕಿದಳು. “ಆ ಮಾಮಾಗ ಮಕ್ಕಳು ಅದಾವೇನು?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಬಾಬಾಸಾಬ ಅವರಿಗೂ ಹೇಳಿ ಬಂದೆ. ಅವರು ಒಳ್ಳೆಯದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರು.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಗಂಗಾವತಿಗೆ, ಅಲ್ಲಿಂದ ಹೈದರಾಬಾದಿಗೆ ಹೋಗುತ್ತೇನೆ.